ಹಾಲು ಹಾಕಿದ ಬಳಚು

ಆಯಿಯನ್ನು ಹುಬ್ಬಳ್ಳಿಯ ಆಸ್ಪತ್ರೆಯಿಂದ ಕಾರವಾರಕ್ಕೆ ಕರೆತರುವ ದಿನ, ರೋಗಿಗಳಿಗೆ ನುಂಗುವುದನ್ನು ಕಲಿಸುವ ಹುಡುಗಿಯೊಬ್ಬಳು ನನ್ನನ್ನೂ ನನ್ನ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು ಒಂದು ಲೋಟ ನೀರು ಮುಂದಿಟ್ಟಳು. ಇನ್ನು ಮೇಲೆ ಇದೇ ಇವರಿಗೆ ವಿಷ ಅಂದುಕೊಳ್ಳಿ ಎಂದಳು. ಲಕ್ವಾ ಹೊಡೆದದ್ದು ಎಡಗೈ ಎಡಗಾಲಿಗೆ ಮಾತ್ರವಲ್ಲ, ಗಂಟಲಿಗೂ ಹೊಡೆದಿದೆ. ತೆಳ್ಳಗಿನದು ಕೊಟ್ಟರೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಗಿಯಬೇಕಾದದ್ದು, ಬಾಯಲ್ಲಿ ಚೂರುಚೂರಾಗಿ ಹರಡಿಕೊಳ್ಳುವಂಥದ್ದು ಇನ್ನೂ ಅಪಾಯ. ಖಾರ ಕೊಟ್ಟರೆ ಕೆಮ್ಮು. ಚಮಚ ಬಗ್ಗಿಸಿದರೆ ಸುರಿಯಬಾರದು, ಇಡ್ಲಿ ಹಿಟ್ಟಿನ ಹಾಗೆ ಮೆಲ್ಲಗೆ ಜಾರಿ ಬೀಳಬೇಕು. ಅಂಥದ್ದನ್ನು ಮಾತ್ರ ಕೊಡಿ, ನೆಟ್ಟಗೆ ಕೂರಿಸಿ ಕೊಡಿ, ಒಂದು ಚಮಚ ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಕೊಡಿ. ಆಮೇಲೆ ನಮ್ಮಿಬ್ಬರಿಂದಲೂ ಅದನ್ನೆಲ್ಲ ತಿರುಗಿ ಹೇಳಿಸಿದಳು.

ಹೆಂಡತಿ ಶಾಲೆಯ ಟೀಚರು, ಅವಳಿಗೆ ರಜೆ ಸಿಗುವಂತಿರಲಿಲ್ಲ. ನಾನು ಕಚೇರಿಯ ಗುಮಾಸ್ತ. ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆಯಲ್ಲಿ ಕುಳಿತೆ. ಹೀಗೆ ಐವತ್ತು ಹತ್ತಿರ ಬಂದ ಮೇಲೆ ಮೊದಲ ಸಲ ಒಲೆಯ ಮುಂದೆ ನಿಂತೆ. ಆಯಿ ಗಟ್ಟಿಮುಟ್ಟಾಗಿದ್ದಾಗ ಹೆತ್ತ ಮಗನನ್ನೂ ಸೇರಿಸಿ ಗಂಡಸರನ್ನು ಅಡಿಗೆಮನೆಯ ಹೊಸ್ತಿಲು ದಾಟಲು ಬಿಟ್ಟವಳಲ್ಲ.

ರಾಗಿ ಅಂಬಲಿ ಮಾಡಿದೆ. ಕುಚಲಕ್ಕಿ ಗಂಜಿಯನ್ನು ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿದೆ. ಬಾಳೆಹಣ್ಣು ಕಿವುಚಿದೆ. ಆಯಿ ಎರಡು ಚಮಚ ನುಂಗಿ ಮೂರನೆಯದನ್ನು ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ಮಾತು ಹೋಗಿತ್ತು, ಆದರೆ ಬೇಡ ಎಂದು ಹೇಳಲು ಅವಳಿಗೆ ಮಾತು ಬೇಕಿರಲಿಲ್ಲ. ಬಲಗೈ ಚೆನ್ನಾಗಿತ್ತು. ಅದರಿಂದ ನನ್ನ ಮಣಿಕಟ್ಟನ್ನು ಹಿಡಿದು ದೂರ ಮಾಡುತ್ತಿದ್ದಳು. ದಿನ ಕಳೆದಂತೆ ಕುತ್ತಿಗೆಯ ಬುಡದಲ್ಲಿ ಗುಳಿ ಬಿತ್ತು, ರವಿಕೆ ಹೆಗಲಿನಿಂದ ಜಾರತೊಡಗಿತು. ತೋರಿಸಲು ಹೋದಾಗ ಇಲ್ಲಿನ ಡಾಕ್ಟರು, ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾದೀತು ಎಂದರು. ಆಯಿಗೆ ಅದು ಅರ್ಥವಾಯಿತು. ಬರುವಾಗ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಮೂಗನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು.

ಅಕ್ಕ ಭಾನುವಾರ ಭಾನುವಾರ ಹಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನಾನು ಹುಟ್ಟಿದ ಮೇಲೆ ಅವಳನ್ನು ಶಾಲೆ ಬಿಡಿಸಿ ನನ್ನನ್ನು ಎತ್ತಿಕೊಳ್ಳುವ ಕೆಲಸಕ್ಕೆ ಹಚ್ಚಿದ್ದು ಆಯಿಯೇ. ಆಮೇಲೆ ಅಕ್ಕ ತಾನೇ ಮೆಚ್ಚಿ ಹಾರವಾಡದ ದೋಣಿಯವನನ್ನು ಮದುವೆಯಾದಳು. ನಮ್ಮದು ಅಗಸೂರಿನ ಕಡೆ ಗದ್ದೆ ಮಾಡಿಕೊಂಡಿದ್ದ ಮನೆ. ಬಲೆ ಬೀಸುವವರ ಮನೆಗೆ ಹೆಣ್ಣು ಕೊಟ್ಟ ರೂಢಿ ನಮ್ಮಲ್ಲಿರಲಿಲ್ಲ. ಕೆಲವು ವರ್ಷ ಮಾತೇ ಇರಲಿಲ್ಲ. ಮಕ್ಕಳಾದ ಮೇಲೆ ಆಯಿ ಹೋಗಿ ಬರುವುದು ಶುರುವಾಯಿತು. ಆದರೆ ಆ ಮನೆಯಲ್ಲಿ ಒಂದು ತುತ್ತು ತಿಂದವಳಲ್ಲ. ಅಲ್ಲಿಂದ ಹಸಿ ಮೀನು ತಂದರೆ ತೆಗೆದುಕೊಳ್ಳುತ್ತಿದ್ದಳು, ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಹೊಟ್ಟೆ ಸರಿ ಇಲ್ಲ, ಉಪವಾಸ, ಈಗಷ್ಟೇ ಉಂಡು ಬಂದೆ, ಹೀಗೆ ಏನಾದರೊಂದು ಹೇಳುತ್ತಿದ್ದಳು. ಅಕ್ಕ ಒಮ್ಮೆಯೂ ಒತ್ತಾಯ ಮಾಡಿದ್ದನ್ನು ನಾನು ಕಂಡಿಲ್ಲ. ಬಂದಾಗಲೆಲ್ಲ ಹಸಿ ಮೀನಿನ ಚೀಲವನ್ನು ಹಿತ್ತಿಲ ಬಾಗಿಲಲ್ಲಿಟ್ಟು ಕಾಲು ತೊಳೆದುಕೊಂಡು ಒಳಗೆ ಬರುವಳು.

ಅಂಥ ಒಂದು ಭಾನುವಾರ ಅವಳ ಚೀಲದಲ್ಲಿ ಬಳಚು ಇತ್ತು. ಕೊಂಕಣಿಯವರು ತಿಸ್ರೆ ಎನ್ನುವ, ಹೊಳೆ ಸಮುದ್ರ ಸೇರುವಲ್ಲಿ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಅಕ್ಕ ಅದನ್ನು ಪಾತ್ರೆಗೆ ಸುರಿದಾಗ ಆದ ಸದ್ದಿಗೆ ಆಯಿ ಮಂಚದಿಂದ ತಲೆ ಎತ್ತಿ, ಸ್ವಲ್ಪ ತೊದಲಿದರೂ ಎಲ್ಲರಿಗೂ ತಿಳಿಯುವಂತೆ, "ಬಳಚು" ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ನಾವು ಕೇಳಿದ ಮೊದಲ ಪೂರ್ತಿ ಶಬ್ದ ಅದು. ಅಕ್ಕ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತಳು.

ಆಯಿ ಹುಟ್ಟಿದ್ದು ಅಂಕೋಲೆಯ ಕಡೆ ಹೊಳೆಯ ದಂಡೆಯ ಮೇಲೆ. ಮದುವೆಯಾಗಿ ಒಳನಾಡಿಗೆ ಹೋದ ಮೇಲೆ ಅವಳಿಗೆ ಬಳಚು ಅಪರೂಪವಾಯಿತು. ಮೀನಿನ ಬುಟ್ಟಿ ಹೊತ್ತು ಬರುವವಳು ಯಾವಾಗಲೋ ತಂದರೆ ಅಂದು ಆಯಿ ಬೇರೆ ಕೆಲಸವನ್ನೆಲ್ಲ ಬಿಟ್ಟು ಈಳಿಗೆಯ ಮುಂದೆ ಕೂರುತ್ತಿದ್ದಳು. ಒಂದೊಂದನ್ನೇ ಬಿಡಿಸಿ, ತೆಂಗಿನಕಾಯಿ ಹುರಿದು, ಒಂದು ಕಡೆಯ ಚಿಪ್ಪಿಗೆ ಮಾಂಸ ಅಂಟಿಕೊಂಡಿರುವ ಹಾಗೇ ಒಣ ಮಸಾಲೆಯ ಸುಕ್ಕಾ ಮಾಡುವಳು. ಆ ದಿನ ಮಾತ್ರ ನಮ್ಮ ಜೊತೆಗೇ ಕುಳಿತು ಉಣ್ಣುತ್ತಿದ್ದಳು.

ಈಗ ಸುಕ್ಕಾ ಕೊಡುವಂತಿರಲಿಲ್ಲ. ನಾನು ಬಳಚನ್ನು ಬೇಯಿಸಿ ಕಾಯಿ ರಸದ ಜೊತೆ ಮಿಕ್ಸಿಗೆ ಹಾಕಿದೆ. ಕಾಯಿಯ ನಾರು ಗಂಟಲಿಗೆ ತಾಗಿ ಆಯಿ ಕೆಮ್ಮಿದಳು. ಸೋಸಿ ಹಾಲು ಮಾತ್ರ ತೆಗೆದರೆ ನೀರಾಯಿತು, ಕುದಿಸಿದರೆ ಒಡೆದು ಮೇಲೆ ಎಣ್ಣೆ ನಿಂತಿತು. ಏನು ಮಾಡಬೇಕೆಂದು ತೋಚದೆ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಒಂದು ವಿಡಿಯೋ ಸಿಕ್ಕಿತು. ಯಾವುದೋ ಚಳಿದೇಶದ ಹೆಂಗಸು ಬಳಚಿನಂಥದ್ದನ್ನೇ ಬೇಯಿಸಿ, ಬೆಣ್ಣೆಯಲ್ಲಿ ಮೈದಾ ಹುರಿದು, ಆಲೂಗಡ್ಡೆ ಮತ್ತು ಹಾಲು ಹಾಕಿ ಬೆಳ್ಳಗಿನ ದಪ್ಪ ಸಾರು ಮಾಡುತ್ತಿದ್ದಳು. ಚೌಡರ್ ಎಂದು ಅದರ ಹೆಸರು. ಅವಳು ಮಾತಾಡಿದ್ದು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಕೊನೆಗೆ ಅವಳು ಸೌಟು ಬಗ್ಗಿಸಿದಾಗ ಆ ಸಾರು ಸುರಿಯಲಿಲ್ಲ, ಮೆಲ್ಲಗೆ ಜಾರಿ ಬಿತ್ತು. ಹುಬ್ಬಳ್ಳಿಯ ಹುಡುಗಿ ಹೇಳಿದ್ದು ಅದನ್ನೇ.

ಹೆಂಡತಿ ಕೇಳಿದ ಕೂಡಲೇ ಬೇಡ ಎಂದಳು. ನಮ್ಮ ಕಡೆ ಮೀನು ಉಂಡ ದಿನ ಮಜ್ಜಿಗೆಯನ್ನೂ ಯೋಚಿಸಿ ಕುಡಿಯುತ್ತಾರೆ. ಹಾಲೂ ಮೀನೂ ಕೂಡಿದರೆ ಮೈಮೇಲೆ ತೊನ್ನು ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ನಾನು ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಅವರು ಏನೂ ಆಗುವುದಿಲ್ಲ, ಕೊಡಿ, ಹಾಲೂ ಬೆಣ್ಣೆಯೂ ಹೊಟ್ಟೆಗೆ ಹೋದರೆ ಒಳ್ಳೆಯದೇ ಎಂದರು. ಆಮೇಲೂ ನಾನು ಅದನ್ನು ಮಾಡುವಾಗ ಹೆಂಡತಿ ಅಡಿಗೆಮನೆಗೆ ಬರುತ್ತಿರಲಿಲ್ಲ.

ಮೊದಲ ಸಲ ಕೆಟ್ಟಿತು. ಆಯಿಗೆ ಹುಳಿ ಇಷ್ಟ ಎಂದು ಎರಡು ಮುರುಗಲ ಸಿಪ್ಪೆ ಹಾಕಿದೆ, ಹಾಲು ಒಡೆಯಿತು. ಎರಡನೆಯ ಸಲ ಹಿಟ್ಟು ಗಂಟುಗಂಟಾಯಿತು. ಆಮೇಲೆ ಕೈ ಕೂತಿತು. ಬಳಚನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಮರಳು ಕಕ್ಕಿಸುವುದು; ಸ್ವಲ್ಪ ನೀರಲ್ಲಿ ಬೇಯಿಸಿ, ಬಾಯಿ ಬಿಡದವನ್ನು ಎಸೆಯುವುದು; ಬೆಂದ ನೀರನ್ನು ಬಟ್ಟೆಯಲ್ಲಿ ಸೋಸಿ ಇಡುವುದು, ರುಚಿ ಇರುವುದು ಅದರಲ್ಲೇ. ಬೆಣ್ಣೆಯಲ್ಲಿ ಈರುಳ್ಳಿ ಕೆಂಪಾಗದಂತೆ ಬಾಡಿಸಿ, ಮೈದಾ ಹಾಕಿ, ಹಸಿವಾಸನೆ ಹೋಗುವವರೆಗೆ ಕೈಯಾಡಿಸಿ, ಸೋಸಿದ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ಯುವುದು. ಬೆಂದ ಆಲೂಗಡ್ಡೆ, ಬಳಚಿನ ಮಾಂಸ, ಕೊನೆಗೆ ಹಾಲು. ಹಾಲು ಬಿದ್ದ ಮೇಲೆ ಕುದಿ ಬರಬಾರದು. ವಿಡಿಯೋದವಳು ಅಷ್ಟಕ್ಕೆ ನಿಲ್ಲಿಸಿದ್ದಳು. ನಾನು ಎಲ್ಲವನ್ನೂ ಮಿಕ್ಸಿಗೆ ಹಾಕಿ ಜರಡಿ ಹಿಡಿಯುತ್ತಿದ್ದೆ. ವಾಸನೆಗೆಂದು, ನಮ್ಮ ಕಡೆ ಮೀನಿನ ಸಾರಿಗೆ ಹಾಕುವ ಘಾಟಿನ ಜುಮ್ಮನಕಾಯಿಯನ್ನು ಒಂದೇ ಒಂದು ಬೇಯುವಾಗ ಹಾಕಿ ಆಮೇಲೆ ತೆಗೆದುಬಿಡುತ್ತಿದ್ದೆ.

ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಮೊದಲ ಚಮಚ ಕೊಟ್ಟಾಗ ಆಯಿ ಅದನ್ನು ಬಾಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. "ಹಾಲು" ಎಂದಳು. ಕೇಳಿದ್ದಲ್ಲ, ಗೊತ್ತಾಯಿತು ಎಂದು ಹೇಳಿದ್ದು. ಹೌದು ಆಯಿ, ಡಾಕ್ಟರು ಹೇಳಿದ್ದಾರೆ ಎಂದೆ. ಉಗುಳುತ್ತಾಳೆ ಎಂದುಕೊಂಡಿದ್ದೆ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಇಳಿಯಿತು. ಎರಡನೆಯ ಚಮಚಕ್ಕೆ ಬಾಯಿ ತೆರೆದಳು. ಅರ್ಧ ಬಟ್ಟಲು ಹೋಯಿತು. ಕೆಮ್ಮು ಬರಲಿಲ್ಲ.

ಆಮೇಲೆ ದಿನವೂ ಅದೇ. ಬಳಚು ಸಿಗದ ದಿನ ಮುಳ್ಳು ತೆಗೆದ ಮೀನು ಹಾಕಿ ಮಾಡುತ್ತಿದ್ದೆ. ತೂಕ ಇಳಿಯುವುದು ನಿಂತಿತು, ನಳಿಗೆಯ ಮಾತು ಮತ್ತೆ ಬರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆಯಿ ಅದನ್ನು ಮೆಚ್ಚಿ ಉಂಡಳು ಎನ್ನುವಂತಿಲ್ಲ. ಬಟ್ಟಲು ಹಿಡಿದು ಹೋದರೆ ಕಣ್ಣು ಮುಚ್ಚುವಳು. ಮುಚ್ಚಿದ ಕಣ್ಣಲ್ಲೇ ಬಾಯಿ ತೆರೆದು, ನುಂಗಿ, ಮತ್ತೆ ತೆರೆಯುವಳು. ಬಟ್ಟಲು ಮುಗಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸುವಳು.

ಅಕ್ಕನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬಳಚು ತಂದುಕೊಡುವವಳು ಅವಳೇ; ಆದರೆ ತಾನು ತಂದದ್ದು ಬಿಳೀ ಹಿಟ್ಟಾಗಿ ಆಯಿಯ ಬಾಯಿಗೆ ಹೋಗುವುದನ್ನು ಕಂಡರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಒಂದು ದಿನ ಬಟ್ಟಲನ್ನು ಮೂಸಿ ನೋಡಿ ಕೆಳಗಿಟ್ಟಳು.

"ಇದನ್ನ ತಿನ್ನೂಕೆ ಆಯಿ ಏನ ತಪ್ಪು ಮಾಡದಾಳೆ ತಮಾ?"

ನುಂಗುವುದರ ವಿಷಯವನ್ನೆಲ್ಲ ನಾನು ಮತ್ತೊಮ್ಮೆ ಹೇಳಿದೆ. ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂದೂ ಹೇಳಿದೆ. ಅವಳು ತಲೆ ಆಡಿಸಿದಳು. ಅವಳಿಗೆ ತಿಳಿಯಲಿಲ್ಲ ಎಂದು ನಾನು ಯಾರಿಗೂ ಹೇಳಲಾರೆ.

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಹೆಂಡತಿ ಅಂಕೋಲೆಗೆ ಮದುವೆಗೆ ಹೋಗಿದ್ದಳು. ಆಯಿಯ ಮಾತ್ರೆ ಮುಗಿದಿತ್ತು. ಅಕ್ಕ ಬಂದದ್ದರಿಂದ ಅವಳನ್ನು ಕೂರಿಸಿ ನಾನು ಪೇಟೆಗೆ ಹೋದೆ. ಒಂದು ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ, ಇನ್ನೊಂದಕ್ಕೆ ಹೋದೆ, ತಡವಾಯಿತು. ತಿರುಗಿ ಬಂದಾಗ ಆಯಿ ದಿಂಬಿಗೆ ಒರಗಿ ಕುಳಿತಿದ್ದಳು. ಅಕ್ಕ ಹಿತ್ತಿಲಲ್ಲಿ ಸ್ಟೀಲ್ ಡಬ್ಬಿ ತೊಳೆಯುತ್ತಿದ್ದಳು. ಮನೆಯೊಳಗೆ ಹುರಿದ ಕಾಯಿಯ ಮಸಾಲೆಯ ವಾಸನೆ. ಆಯಿಯ ಸೆರಗಿನ ಮೇಲೆ ಅರಿಶಿನದ ಕಲೆ, ತುಟಿಯ ಎಡಮೂಲೆಯಲ್ಲಿ, ಅವಳಿಗೆ ತಿಳಿಯದ ಕಡೆಯಲ್ಲಿ, ಕಾಯಿಯ ಒಂದು ಚೂರು.

ಅದನ್ನು ಒರೆಸಿದೆ. ಬಾಯಿ ತೆರೆಸಿ ನೋಡಿದೆ, ಕೆನ್ನೆಯ ಒಳಗೆ ಇನ್ನೂ ಸ್ವಲ್ಪ ಇತ್ತು, ಬೆರಳಿಗೆ ಬಟ್ಟೆ ಸುತ್ತಿ ತೆಗೆದೆ. ಆಯಿ ಎರಡು ಸಲ ಕೆಮ್ಮಿದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೋದಳು.

ಸಂಜೆಗೆ ಕೆಮ್ಮು ಹೆಚ್ಚಿತು. ಮರುದಿನ ಜ್ವರ. ಅದರ ಮರುದಿನ ಉಸಿರಾಡುವಾಗ ಎದೆಯಲ್ಲಿ ನೀರು ಕುದಿಯುವಂಥ ಸದ್ದು. ಕಾರವಾರದಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ಹೇಳಿದ ಕೂಡಲೇ ಅಕ್ಕ ಉಟ್ಟ ಸೀರೆಯಲ್ಲೇ ಬಂದಳು. ಡಾಕ್ಟರು ಎದೆಯ ಫೋಟೋ ನೋಡಿ, ಗಟ್ಟಿ ಏನಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ಅಕ್ಕ ಗೋಡೆಯ ಕಡೆ ನೋಡಿದಳು. ನಾನು "ಕೊಟ್ಟಿದ್ದೆವು, ಬಳಚು" ಎಂದೆ. ಕೊಟ್ಟಿದ್ದೆವು ಎಂದೇ ಹೇಳಿದೆ. ಡಾಕ್ಟರು ಬೈಯಲಿಲ್ಲ. ಬರೆದುಕೊಂಡರು, ಅಷ್ಟೇ.

ಮೂಗಿಗೆ ನಳಿಗೆ ಬಂತು, ಬಾಯಿಯ ಮೇಲೆ ಆಮ್ಲಜನಕದ ಮುಖವಾಡ ಬಂತು. ಎರಡನ್ನೂ ಕಿತ್ತುಹಾಕುತ್ತಾಳೆಂದು ನೆಟ್ಟಗಿದ್ದ ಒಂದು ಕೈಯನ್ನೂ ಮಂಚಕ್ಕೆ ಕಟ್ಟಿದರು. ವಾರ ತುಂಬುವ ಮೊದಲೇ, ಮಧ್ಯಾಹ್ನ ನಾನು ಕೆಳಗೆ ಚಹಾ ಕುಡಿಯುತ್ತಿದ್ದಾಗ, ಆಯಿ ಹೋದಳು. ಹೆಂಡತಿ ಹತ್ತಿರವಿದ್ದಳು. ಕಟ್ಟಿದ್ದ ಕೈಯನ್ನು ಬಿಚ್ಚಿದವಳೂ ಅವಳೇ.

ಬಳಚಿನ ಮಾತು ಆಸ್ಪತ್ರೆಯಿಂದಲೇ ಹರಡಿತ್ತು; ಹಾಲು ಹಾಕಿ ಕೊಡುತ್ತಿದ್ದದ್ದು ನೆಂಟರಿಗೆ ಮೊದಲೇ ಗೊತ್ತಿತ್ತು. ಕಾರ್ಯಕ್ಕೆ ಬಂದ ಹೆಂಗಸರ ನಡುವೆ ಆಯಿಯ ತಂಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಹಾಲೂ ಬಳಚೂ ಕೂಡ್ಸಿ ಕೊಟ್ರೆ ಗಟ್ಟಿ ಇದ್ದೋರಿಗೇ ತಡಕಳೂಕೆ ಆಗೂದಿಲ್ಲ. ಲಕ್ವಾ ಹೊಡದೋಳಿಗೆ ತಿಂಗಳಗಟ್ಟಲೆ ಕೊಟ್ರೆ ಏನ ಆತದೆ? ಓದಿದೋರ ಮನೆ ಇದು."

ಓದಿದವರು ಎಂದರೆ ನನ್ನ ಹೆಂಡತಿ. ಅಡಿಗೆ ಎಂದರೆ ಅವಳೇ ಮಾಡಿದ್ದು ಎಂದು ಅವರೆಲ್ಲ ತಿಳಿದಿದ್ದರು. ಅವಳು ಬಾಳೆಎಲೆ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ಅಕ್ಕ ಅಲ್ಲೇ ಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಹೊರಗಿನ ಚಪ್ಪರದಲ್ಲಿ ಭಟ್ಟರ ಜೊತೆ ನಿಂತಿದ್ದೆ, ಕಿಟಕಿಯಿಂದ ಎಲ್ಲವೂ ಕೇಳಿಸಿತು. ಒಳಗೆ ಹೋಗಿ ಹೇಳಬಹುದಿತ್ತು. ಏನೆಂದು ಹೇಳುವುದು? ಅಕ್ಕನ ಹೆಸರು ಹೇಳದೆ ಆ ಮಾತನ್ನು ತಪ್ಪು ಎನ್ನುವ ದಾರಿ ನನಗೆ ತಿಳಿಯಲಿಲ್ಲ. ಹೆಸರು ಹೇಳಿದ್ದರೆ, ಮೀನುಗಾರರ ಮನೆಯ ಊಟವೇ ಆಯಿಯನ್ನು ಕೊಂದಿತು ಎಂದು ಊರು ಇನ್ನೂ ಮೂವತ್ತು ವರ್ಷ ಆಡಿಕೊಳ್ಳುತ್ತಿತ್ತು.

ಡಬ್ಬಿಯ ವಿಷಯವನ್ನು ಹೆಂಡತಿಗೆ ಆಸ್ಪತ್ರೆಯಲ್ಲೇ ಹೇಳಿದ್ದೆ. ಎಲ್ಲರೂ ಹೋದ ಮೇಲೆ ಅವಳು ಒಂದೇ ಮಾತು ಕೇಳಿದಳು. "ನಿಮ್ಮ ಅಕ್ಕನ ಮಾನ ಉಳೀತು. ನಂದು?"

ಅಂದಿನಿಂದ ಅವಳು ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕ ಭಾನುವಾರ ಬರುವುದನ್ನು ಬಿಟ್ಟಳು.

ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ನಾನೇ ಹಾರವಾಡಕ್ಕೆ ಹೋದೆ. ಭಾವ ದೋಣಿಗೆ ಹೋಗಿದ್ದರು. ಅಕ್ಕ ಒಬ್ಬಳೇ ಜಗಲಿಯಲ್ಲಿ ಒಣಮೀನು ಹೆಕ್ಕುತ್ತ ಕುಳಿತಿದ್ದಳು, ತುಂಬ ಇಳಿದುಹೋಗಿದ್ದಳು. ಜಗಳವಾಡಬೇಕೆಂದೇ ಹೋಗಿದ್ದೆ ನಾನು. ಏಳು ತಿಂಗಳಿನಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈಯಲ್ಲಿದ್ದದ್ದನ್ನು ಬುಟ್ಟಿಗೆ ಹಾಕಿ ಮಾತಾಡತೊಡಗಿದಳು.

"ಕೊಡಬಾರ್ದು ಹೇಳಿ ನಂಗೆ ಗೊತ್ತಿತ್ತು ತಮಾ. ಗೊತ್ತಿಲ್ಲ ಹೇಳೂದಿಲ್ಲ ನಾ. ಸುಕ್ಕಾದ ಡಬ್ಬಿ ತೆಗದ್ ಕೂಡ್ಲೆ ಆಯಿ ಇತ್ಲಾಗೆ ತಿರಗದ್ಲು. ಕದ್ದು ಕೊಡೂಕೆ ಮನಸಾಗಲಿಲ್ಲ. ಆಯಿ, ಇದು ಹಾರವಾಡದ್ದು, ನಮ್ಮನೆ ಒಲೆ ಮೇಲೆ ನಾ ಮಾಡಿದ್ದು ಅಂದೆ. ಬ್ಯಾಡಾದ್ರೆ ಬಿಡ್ತಾಳೆ ಹೇಳಿ ತಿಳ್ಕಂಡೆ. ಬಾಯಿ ತೆಗದ್ಲು."

ನಾನು ಜಗಲಿಯ ಅಂಚಿಗೆ ಕುಳಿತೆ.

"ಎರಡ ತುತ್ತಿಗೆ ನಿಲ್ಸದೆ. ನನ್ನ ಕೈ ಹಿಡ್ಕಂಡ್ಲು. ಹಾಕು ಅಂದ್ಲು."

"ಹಾಕು ಅಂದ್ಲಾ?"

"ಹೌದು. ಹಾಕು ಅಂತು ಬಾಯಿ. ನೀಟಾಗೇ ಹೇಳದ್ಲು." ಅಕ್ಕ ಅಳಲಿಲ್ಲ. ಅಳುವುದೆಲ್ಲ ಮುಗಿದಿತ್ತು ಎಂದು ಕಾಣುತ್ತದೆ. "ಮೂವತ್ತ ವರ್ಷ ಬೇಡ ಬೇಡ ಹೇಳದೋಳು. ಹಾಕು ಅಂದ ಮೇಲೆ ನಾ ಹ್ಯಾಂಗೆ ಇಲ್ಲ ಹೇಳ್ಲಿ?"

ನಾನು ಜೋಡಿಸಿಕೊಂಡು ಹೋಗಿದ್ದ ಮಾತೊಂದೂ ಹೊರಗೆ ಬರಲಿಲ್ಲ. ಸಿಟ್ಟು ಹೋಯಿತೆಂದಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಎದ್ದಿತು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ವಾರಗಟ್ಟಲೆ ಕೈಯಾಡಿಸಿ, ಸೋಸಿ, ಆರಿಸಿ ಕೊಟ್ಟ ಒಂದು ಬಟ್ಟಲಿಗೂ ಆಯಿ ಹಾಕು ಎಂದಿರಲಿಲ್ಲ. ಬದುಕಿಸಿದ್ದು ನನ್ನ ಬಟ್ಟಲು, ಅವಳು ಬೇಡಿದ್ದು ಅಕ್ಕನ ಡಬ್ಬಿಯಿಂದ. ಸತ್ತವಳ ಎರಡಕ್ಷರಕ್ಕೆ ನನಗೆ ಹೊಟ್ಟೆಕಿಚ್ಚಾಯಿತು.

ಅಕ್ಕ ಚಹಾ ಮಾಡಿ ತಂದಳು. ಕುಡಿಯುವಾಗ, ಅದನ್ನು ಕೊಡದೇ ಇದ್ದಿದ್ದರೆ ಆಯಿ ಇರುತ್ತಿದ್ದಳಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಡಾಕ್ಟರನ್ನು ಕೇಳಲಿಲ್ಲವಾ ಎಂದಳು. ಕೇಳಲಿಲ್ಲ ಎಂದೆ. ಅದು ನಿಜ. ಎರಡು ಸಲ ಆ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೆ.

"ಕೇಳೂದೂ ಬ್ಯಾಡ" ಎಂದಳು ಅಕ್ಕ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಹಾಕು ಎಂದದ್ದನ್ನೂ ಹೇಳಿದೆ. ಅವಳು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. ಅಕ್ಕನ ಮೇಲೆ ಅವಳಿಗೆ ಮರುಕ ಬಂತೆಂದು ನನಗೆ ಮುಖದಲ್ಲೇ ಕಂಡಿತು. ಆದರೆ ಕೊನೆಗೆ ಅವಳು ಹೇಳಿದ್ದು, ಇದನ್ನು ನಿಮ್ಮ ಚಿಕ್ಕಮ್ಮನ ಎದುರು ಬಂದು ಹೇಳಲಿ, ಆಮೇಲೆ ನಾನು ಹಾರವಾಡಕ್ಕೆ ಬರುತ್ತೇನೆ ಎಂದು.

ಅಕ್ಕ ಇನ್ನೂ ಹೇಳಿಲ್ಲ. ಹೇಳು ಎಂದು ನಾನೂ ಕೇಳಿಲ್ಲ. ತಿಂಗಳಿಗೊಮ್ಮೆ ನಾನೊಬ್ಬನೇ ಹೋಗಿ ಬರುತ್ತೇನೆ. ಊಟದ ಹೊತ್ತಾದರೆ ಅಕ್ಕ ಬಡಿಸುತ್ತಾಳೆ, ನಾನು ಉಣ್ಣುತ್ತೇನೆ. ಹೆಂಡತಿ ಹೇಗಿದ್ದಾಳೆ ಎಂದು ಅವಳು ಕೇಳುತ್ತಾಳೆ, ಚೆನ್ನಾಗಿದ್ದಾಳೆ ಎನ್ನುತ್ತೇನೆ.